ಪೀಪಾಯಿ ಕಟ್ಟುವವರ ಬೀದಿ: ಡಬ್ಲಿನ್‌ನಿಂದ ಕಾರ್ಕ್‌ವರೆಗೆ

ಸೋಮವಾರ, ಡಬ್ಲಿನ್

ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮಿಸ್ ತಮ್ಮ ಐರಿಷ್ ಹಿರಿಯರ ಬಗ್ಗೆ ಬೆಂಗಳೂರಿನಿಂದ ತಂದಿದ್ದು ಒಂದು ಪುಟದ ನಕಲು ಮಾತ್ರ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಿಂದ ತರಿಸಿಕೊಂಡದ್ದು. 1841ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿದ ಹುಡುಗರ ಪಟ್ಟಿಯಲ್ಲಿ ಅವರ ಮುತ್ತಜ್ಜನ ತಂದೆಯ ಸಾಲು: ವಯಸ್ಸು 19, ಹುಟ್ಟಿದ ಊರು ಕಾರ್ಕ್, ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಪ್ರದೇಶ) ಸೇಂಟ್ ಮೇರೀಸ್ ಶ್ಯಾಂಡನ್, ಕಸುಬು ಕೂಪರ್. ಕೂಪರ್ ಎಂದರೆ ಮರದ ಪೀಪಾಯಿ ಕಟ್ಟುವವನು. ಆ ಹುಡುಗ ಮದ್ರಾಸಿನಲ್ಲಿ ಹಡಗಿನಿಂದಿಳಿದ, ಬೆಂಗಳೂರಿನ ದಂಡಿನಲ್ಲಿ ಮದುವೆಯಾದ, ಮರಳಿ ಹೋಗಲೇ ಇಲ್ಲ. ಅವನ ಮೊಮ್ಮಗ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದ. ಮಿಸ್ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. ನಾನು ಡಬ್ಲಿನ್ನಿಗೆ ಬಂದು ನೆಲೆಸಿದ್ದೇನೆಂದು ಗೊತ್ತಾದಾಗಿನಿಂದ ಪ್ರತಿ ಕ್ರಿಸ್‌ಮಸ್‌ಗೆ ಫೋನ್ ಮಾಡಿ ಒಂದೇ ಮಾತು ಹೇಳುತ್ತಿದ್ದರು: "ಒಂದ್ಸಲ ಬರ್ತೀನಿ ಕಣಮ್ಮ, ನಮ್ಮೋರ ಮನೆ ಎಲ್ಲಿತ್ತು ಅಂತ ನೋಡ್ಬೇಕು."

ಈ ವರ್ಷ ಬಂದೇ ಬಿಟ್ಟರು. ಅವರ ಮನೆತನದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರ್ಕ್‌ನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಆ ಹೆಸರಿನವರೊಬ್ಬರಿಗೆ ತಾಗುತ್ತದೆ ಎಂಬಷ್ಟು ಸಾಮಾನ್ಯ ಹೆಸರು. ನಮ್ಮ ಕಷ್ಟವೆಲ್ಲ ಅದರಲ್ಲೇ ಇತ್ತು. ಹೆಸರು ಹಿಡಿದು ಹೊರಟರೆ ನೂರು ಮನೆ, ಯಾವುದೂ ನಮ್ಮದಲ್ಲ. ಆ ಪುಟದಲ್ಲಿ ನಮಗೆ ನಿಜವಾಗಿ ಆಸರೆಯಾಗಿ ಕಂಡದ್ದು ಕೊನೆಯ ಕಾಲಂ: ಕಸುಬು.

ಬೆಳಿಗ್ಗೆ ಮೊದಲು ಲಿಫಿ ನದಿಯ ದಂಡೆಯ ಫೋರ್ ಕೋರ್ಟ್ಸ್ ಕಟ್ಟಡ ತೋರಿಸಲು ಕರೆದೊಯ್ದೆ. ಐರ್ಲೆಂಡಿನಲ್ಲಿ ಹಿರಿಯರನ್ನು ಹುಡುಕುವವರ ಗೋಳು ಶುರುವಾಗುವುದು ಅಲ್ಲಿಂದಲೇ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಅಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರ ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿ ನಾಶವಾಯಿತು. 1821, 1831, 1841 ಮತ್ತು 1851ರ ಜನಗಣತಿಯ ಹಾಳೆಗಳಲ್ಲಿ ಚೂರುಪಾರು ಬಿಟ್ಟು ಉಳಿದದ್ದೆಲ್ಲ ಬೂದಿಯಾಯಿತು. ಸುಟ್ಟ ಕಾಗದದ ಚೂರುಗಳು ಊರ ಮೇಲೆಲ್ಲ ಉದುರಿದವಂತೆ. ಎಲ್ಲ ತಪ್ಪನ್ನೂ ಬೆಂಕಿಯ ತಲೆಗೆ ಕಟ್ಟುವುದೂ ಸರಿಯಲ್ಲ. 1861 ಮತ್ತು 1871ರ ಹಾಳೆಗಳನ್ನು ಸರ್ಕಾರ ಇಟ್ಟುಕೊಳ್ಳಲೇ ಇಲ್ಲ. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋದವು. ಹೀಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಯಾರು ಯಾವ ಮನೆಯಲ್ಲಿದ್ದರು ಎಂದು ಹೇಳುವ ಜನಗಣತಿ ಈ ದೇಶಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪೂರ್ತಿಯಾಗಿ ಉಳಿದಿರುವುದರಲ್ಲಿ ಹಳೆಯದು 1901ರದು.

ಮಿಸ್ ನದಿಯಾಚೆಯ ಗುಮ್ಮಟವನ್ನು ಬಹಳ ಹೊತ್ತು ನೋಡಿದರು. "ನಮ್ಮೋರ ಹೆಸರೂ ಅಲ್ಲೇ ಸುಟ್ಟು ಹೋಯ್ತು ಅನ್ನು," ಎಂದರು. ಒಂದು ಕಡೆ ಸುಟ್ಟಿದೆ ಮಿಸ್, ಬೇರೆ ಕಡೆಗಳಲ್ಲಿ ಇರಬಹುದು ಎಂದೆ.

ಆ ಬೇರೆ ಕಡೆಗಳಲ್ಲಿ ಮೊದಲನೆಯದು ಕಿಲ್ಡೇರ್ ಸ್ಟ್ರೀಟಿನ ರಾಷ್ಟ್ರೀಯ ಗ್ರಂಥಾಲಯ. ಓದುಗರ ಚೀಟಿ ಪುಕ್ಕಟೆ. ಚೀಲ ಲಾಕರಿನಲ್ಲಿಟ್ಟು, ಪೆನ್ನು ಬಿಟ್ಟು, ಪೆನ್ಸಿಲ್ ಹಿಡಿದು ಒಳಗೆ ಹೋಗಬೇಕು. ವಂಶಾವಳಿ ಹುಡುಕುವವರಿಗೆ ಸಲಹೆ ಕೊಡಲೆಂದೇ ಅಲ್ಲಿ ಸಿಬ್ಬಂದಿ ಇದ್ದಾರೆ. ದೇಶದ ಕ್ಯಾಥೊಲಿಕ್ ಪ್ಯಾರಿಷ್ ರಿಜಿಸ್ಟರುಗಳ ಮೈಕ್ರೋಫಿಲ್ಮನ್ನು ಈ ಗ್ರಂಥಾಲಯ 2015ರಲ್ಲಿ ಅಂತರ್ಜಾಲಕ್ಕೆ ಏರಿಸಿತು, ಯಾರು ಬೇಕಾದರೂ ನೋಡಬಹುದು. ಪ್ರೊಟೆಸ್ಟೆಂಟ್ ಚರ್ಚಿನ ಎಷ್ಟೋ ರಿಜಿಸ್ಟರುಗಳು 1922ರಲ್ಲಿ ಸುಟ್ಟವು. ಕ್ಯಾಥೊಲಿಕ್ ಪಾದ್ರಿಗಳು ತಮ್ಮವನ್ನು ಸರ್ಕಾರಕ್ಕೆ ಒಪ್ಪಿಸಿರಲಿಲ್ಲವಾದ್ದರಿಂದ ಉಳಿದವು.

1822ರ ಆಸುಪಾಸಿನ ಸೇಂಟ್ ಮೇರೀಸ್ ಪುಟಗಳನ್ನು ತೆರೆದೆವು. ಲ್ಯಾಟಿನ್ ಹೆಸರುಗಳು: ಜೇಮ್ಸ್ ಅಲ್ಲಿ ಜಾಕೋಬುಸ್, ವಿಲಿಯಂ ಗುಲಿಯೆಲ್ಮುಸ್. ಶಾಯಿ ಹರಡಿದೆ, ಅಂಚು ಸವೆದಿದೆ. ಕಾನ್ವೆಂಟಿನಲ್ಲಿ ಲ್ಯಾಟಿನ್ ಪ್ರಾರ್ಥನೆ ಕೇಳುತ್ತ ಬೆಳೆದ ಮಿಸ್‌ಗೆ ನನಗಿಂತ ಬೇಗ ಓದು ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಅದೇ ಹೆಸರಿನ, ಅದೇ ವಯಸ್ಸಿಗೆ ಹೊಂದುವ ಹಲವು ಮಕ್ಕಳ ದೀಕ್ಷಾಸ್ನಾನ ಸಿಕ್ಕವು. ಪ್ರತಿಯೊಂದರಲ್ಲೂ ತಂದೆ, ತಾಯಿ, ಜ್ಞಾನತಂದೆ, ಜ್ಞಾನತಾಯಿಯ ಹೆಸರಿದೆ. ತಂದೆಯ ಕಸುಬು ಎಲ್ಲೂ ಇಲ್ಲ. ಚರ್ಚಿಗೆ ಬೇಕಿದ್ದುದು ಸಂಬಂಧ, ಕೆಲಸವಲ್ಲ.

ಆಮೇಲೆ ಡೈರೆಕ್ಟರಿಗಳನ್ನು ಕೇಳಿದೆವು. ಇವು ವ್ಯಾಪಾರಕ್ಕೆಂದೇ ಅಚ್ಚಾದ ದಪ್ಪ ಪುಸ್ತಕಗಳು. ಮ್ಯಾಂಚೆಸ್ಟರಿನ ಪಿಗೊಟ್ 1820ರಲ್ಲಿ ಒಮ್ಮೆ, 1824ರಲ್ಲಿ ಇನ್ನೂ ದೊಡ್ಡದಾಗಿ ಐರ್ಲೆಂಡಿನ ಊರೂರಿನ ವ್ಯಾಪಾರಿಗಳನ್ನು ಪಟ್ಟಿ ಮಾಡಿದ. ಅವನ ಹಾದಿಯಲ್ಲೇ ಸ್ಲೇಟರ್ 1846, 1856, 1870, 1881, 1894ರಲ್ಲಿ ತಂದ. ಪ್ರತಿ ಊರಿಗೂ ಮೊದಲು ಒಂದು ವಿವರಣೆ: ಜನಸಂಖ್ಯೆ, ಸಂತೆಯ ದಿನ, ಅಂಚೆ ಬರುವ ಹೊತ್ತು, ಕೋಚ್ ಹೊರಡುವ ಜಾಗ. ಆಮೇಲೆ ಗಣ್ಯರು, ಪಾದ್ರಿಗಳು. ಆಮೇಲೆ ಕಸುಬಿನ ಪ್ರಕಾರ, ಅಕಾರಾದಿಯಲ್ಲಿ ಅಂಗಡಿಕಾರರು: ಬೇಕರಿಯವರು, ಕಮ್ಮಾರರು, ಚರ್ಮ ಹದಮಾಡುವವರು, ಮೇಣದಬತ್ತಿ ಮಾಡುವವರು, ಕೂಪರುಗಳು. ಒಬ್ಬೊಬ್ಬರಿಗೆ ಒಂದೊಂದೇ ಸಾಲು, ಹೆಸರು ಮತ್ತು ಬೀದಿ. ಇದನ್ನು ಅಚ್ಚು ಹಾಕಿದವನಿಗೆ ಯಾರ ವಂಶದ ಚಿಂತೆಯೂ ಇರಲಿಲ್ಲ. ಸರಕು ಎಲ್ಲಿ ಸಿಗುತ್ತದೆಂದು ತಿಳಿಯಬೇಕಾದ ಇನ್ನೊಬ್ಬ ವ್ಯಾಪಾರಿಗಾಗಿ ಹಾಕಿದ್ದು. ಅದಕ್ಕೇ ನನಗೆ ಈ ಪುಸ್ತಕಗಳ ಮೇಲೆ ನಂಬಿಕೆ ಹೆಚ್ಚು. ಇಲ್ಲಿ ಯಾರೂ ತಮ್ಮ ಕುಲವನ್ನು ಹೊಗಳಿಕೊಂಡಿಲ್ಲ.

ಆದರೆ ಈ ಪಟ್ಟಿಯ ಮಿತಿಯೂ ಗೊತ್ತಿರಬೇಕು. ಸ್ವಂತ ಕೆಲಸದ ಶೆಡ್ ಇಟ್ಟುಕೊಂಡ ಮಾಲೀಕನ ಹೆಸರು ಬರುತ್ತದೆ. ಅವನ ಕೈಕೆಳಗೆ ದಿನಗೂಲಿಗೆ ಪೀಪಾಯಿ ಕಟ್ಟಿದವನದು ಬರುವುದಿಲ್ಲ. ಕೂಲಿಯವರು, ಮನೆಗೆಲಸದವರು, ಬಟ್ಟೆ ಒಗೆಯುವವರು ಬರುವುದಿಲ್ಲ. ಅಚ್ಚಾಗುವ ಹೊತ್ತಿಗೆ ಸತ್ತವನ ಹೆಸರು ಉಳಿದುಕೊಂಡಿರುವುದೂ ಉಂಟು. ಹೆಸರು ಕಾಣದಿದ್ದರೆ ಮನುಷ್ಯ ಊರಲ್ಲಿ ಇರಲಿಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ.

1824ರ ಪಿಗೊಟ್‌ನಲ್ಲಿ ಕಾರ್ಕ್ ಕೂಪರುಗಳ ಸಾಲಿನಲ್ಲಿ ಬೆರಳಾಡಿಸುತ್ತ ಹೋದ ಮಿಸ್ ನಿಂತುಬಿಟ್ಟರು. ಅವರ ಮನೆತನದ ಹೆಸರು ಮ್ಯಾಲೋ ಲೇನ್ ಎಂಬ ಬೀದಿಯಲ್ಲಿ. ಅದೇ ಬೀದಿಯಲ್ಲಿ, ಸ್ವಲ್ಪ ಕೆಳಗೆ, ಇನ್ನೊಬ್ಬ ಕೂಪರ್. ಅಪರೂಪದ ಹೆಸರಿನವನು. ಆ ಹೆಸರನ್ನು ಬೆಳಿಗ್ಗೆಯಷ್ಟೇ ಓದಿದ್ದೆವು. ಹಲವು ಮಕ್ಕಳಲ್ಲಿ ಒಬ್ಬನಿಗೆ ಜ್ಞಾನತಂದೆಯಾಗಿ ನಿಂತವನು ಅವನೇ. ಒಂದೇ ಬೀದಿ, ಒಂದೇ ಕಸುಬು, ಒಂದೇ ದೀಕ್ಷಾಸ್ನಾನದ ತೊಟ್ಟಿಯ ಬಳಿ ನಿಂತ ಇಬ್ಬರು ಗಂಡಸರು. ಹೆಸರು ಬಿಡಿಸಲಾರದ ಗಂಟನ್ನು ಕಸುಬು ಬಿಡಿಸಿತು.

1846ರ ಸ್ಲೇಟರ್‌ನಲ್ಲಿ ಮಿಸ್ ಮನೆತನದ ಆ ಕೂಪರೇ, ಈಗ ಡೊಮಿನಿಕ್ ಸ್ಟ್ರೀಟಿನಲ್ಲಿ. 1856ರದರಲ್ಲಿ ಅವನಿಲ್ಲ. ಅದೇ ಡೊಮಿನಿಕ್ ಸ್ಟ್ರೀಟ್, ಅದೇ ಮನೆತನ, ಅದೇ ಕೂಪರುಗಳ ಪಟ್ಟಿ, ಆದರೆ ಹೆಸರು ಹೆಂಗಸಿನದು.

ವಿಧವೆಯೇ ಇರಬೇಕು ಮಿಸ್, ಗಂಡ ಸತ್ತ ಮೇಲೆ ತಾನೇ ಕೆಲಸ ನಡೆಸಿದ್ದಾಳೆ ಎಂದೆ. ಮಿಸ್ ಪೆನ್ಸಿಲ್ ಎತ್ತಲಿಲ್ಲ. "ಇರಬೇಕು ಅನ್ನೋದನ್ನ ನಾನು ಬರೆಯಲ್ಲ. ಹೆಂಡ್ತಿನೋ, ತಂಗಿನೋ, ಸೊಸೆನೋ? ನನಗೆ ಕಾಗದ ತೋರ್ಸು."

ಸಂಜೆ ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದ ಮೂಲೆಯಲ್ಲಿರುವ ಫ್ಯುಸಿಲಿಯರ್ಸ್ ಆರ್ಚ್ ಕೆಳಗೆ ಹಾದು ಬಂದೆವು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸತ್ತ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಸೈನಿಕರಿಗಾಗಿ 1907ರಲ್ಲಿ ಕಟ್ಟಿದ ಕಲ್ಲಿನ ಕಮಾನು ಅದು. ಡಬ್ಲಿನ್ನಿನ ಹೆಸರು ಹೊತ್ತ ಈ ರೆಜಿಮೆಂಟ್ ಹುಟ್ಟಿದ್ದು ಭಾರತದಲ್ಲಿ. ಕಂಪನಿಯ ಮದ್ರಾಸ್ ಯುರೋಪಿಯನ್ ರೆಜಿಮೆಂಟ್ ಮತ್ತು ಅದರ ಬಾಂಬೆಯ ಜೋಡಿಯನ್ನು 1881ರಲ್ಲಿ ಸೇರಿಸಿ ಈ ಹೆಸರು ಇಟ್ಟರು. ಕಂಪನಿಯ ಬಿಳಿಯ ಸಿಪಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಐರಿಷರೇ ಆಗಿದ್ದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಸೇಂಟ್ ಪ್ಯಾಟ್ರಿಕ್ ಹೆಸರಿನ ಚರ್ಚ್ ಎದ್ದದ್ದು ಅವರಿಂದಲೇ. ಕೋಲಾರದಲ್ಲಿ ಚಿನ್ನ ಹುಡುಕಲು 1873ರಲ್ಲಿ ಮೈಸೂರು ಸರ್ಕಾರದ ಅನುಮತಿ ಕೇಳಿದ ಲ್ಯಾವೆಲ್ ಕೂಡ ಐರಿಷ್ ಸಿಪಾಯಿಯೇ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಅವನದೇ ಹೆಸರು. ಮಿಸ್ ಕಮಾನಿನ ಕೆಳಗೆ ನಿಂತು ಕೆತ್ತಿದ ಹೆಸರುಗಳನ್ನೆಲ್ಲ ಓದಿದರು. ಅವರ ಮನೆತನದ ಹೆಸರಿನವರೂ ಅಲ್ಲಿದ್ದರು. ಆದರೆ ಅಷ್ಟರಿಂದ ಏನನ್ನೂ ಬರೆದುಕೊಳ್ಳಲಿಲ್ಲ.

ಮಂಗಳವಾರ, ಡಬ್ಲಿನ್

ಬಿಷಪ್ ಸ್ಟ್ರೀಟಿನ ರಾಷ್ಟ್ರೀಯ ದಾಖಲೆ ಭಂಡಾರ. ಇಲ್ಲಿಯ ಒಂದು ಬಗೆಯ ಕಾಗದದ ಬಗ್ಗೆ ಹೇಳಲೇಬೇಕು. ಐರ್ಲೆಂಡಿನ ಬಡವರ ಚರಿತ್ರೆ ತಿಳಿಯಬೇಕೆನ್ನುವವರು ಯಾರೇ ಆದರೂ ಇದನ್ನು ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಬ್ರಿಟಿಷ್ ಸರ್ಕಾರ 1908ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾಯ್ದೆ ತಂದಿತು. 1909ರ ಜನವರಿಯಿಂದ, 70 ತುಂಬಿದ ಬಡವರಿಗೆ ಹಣ. ಆದರೆ ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. 1909ರಲ್ಲಿ 70 ದಾಟಿದ ಒಬ್ಬರ ಹತ್ತಿರವೂ ಜನನ ಪತ್ರವಿಲ್ಲ. ವಯಸ್ಸಿಗೆ ಸಾಕ್ಷಿ ಏನು? ಆಗ ಅಧಿಕಾರಿಗಳು 1841 ಮತ್ತು 1851ರ ಜನಗಣತಿಯ ಹಾಳೆಗಳನ್ನೇ ತೆರೆಯತೊಡಗಿದರು. ಆಗ ಅವಿನ್ನೂ ಸುಟ್ಟಿರಲಿಲ್ಲ. ಅರ್ಜಿದಾರ ತನ್ನ ತಂದೆತಾಯಿಯ ಹೆಸರು, ಆ ವರ್ಷ ತಾನಿದ್ದ ಊರು, ಬೀದಿ ತಿಳಿಸಬೇಕು; ಗುಮಾಸ್ತ ಹುಡುಕಿ ಸಿಕ್ಕಿತೋ ಇಲ್ಲವೋ ಬರೆಯಬೇಕು. ಮೂಲ ಹಾಳೆಗಳು ಬೂದಿಯಾದವು, ಈ ಹುಡುಕಾಟದ ನಮೂನೆಗಳು ಉಳಿದವು. (1901ರಲ್ಲಿ 55 ಎಂದವರು 1911ರಲ್ಲಿ 70 ಎಂದು ಬರೆಸಿದ್ದನ್ನು ಈ ದೇಶದ ಜನಗಣತಿಯಲ್ಲಿ ಬೇಕಾದಷ್ಟು ಕಾಣಬಹುದು. ಹಸಿದವರು ಹಾಗೆ ಬರೆಸಿದ್ದಕ್ಕೆ ನಾನು ಬೆರಳು ತೋರಿಸಲಾರೆ.)

ಮಿಸ್ ಅವರ ಸಿಪಾಯಿಗೆ ಕಿರಿಯ ತಮ್ಮನೊಬ್ಬನಿದ್ದ ಎನ್ನುವುದು ನಿನ್ನೆಯ ರಿಜಿಸ್ಟರಿನಿಂದ ತಿಳಿದಿತ್ತು. ಅದೇ ತಂದೆತಾಯಿಯ ಕೊನೆಯ ಮಗುವಿನ ದೀಕ್ಷಾಸ್ನಾನ 1838ರಲ್ಲಿ. ಬದುಕಿದ್ದರೆ 1909ರಲ್ಲಿ 70 ದಾಟಿರಬೇಕು. ಈ ನಮೂನೆಗಳೆಲ್ಲ ಈಗ ಅಂತರ್ಜಾಲದಲ್ಲೇ ಇವೆ, ಮನೆಯಿಂದಲೇ ನೋಡಬಹುದಿತ್ತು. ಆದರೆ ಅಲ್ಲಿ ಕುಳಿತರೆ ಕೇಳಲು ಸಿಬ್ಬಂದಿ ಸಿಗುತ್ತಾರೆ. ಊಟದ ಹೊತ್ತಿಗೆ ಮುಂಚೆ ಅವನ ಅರ್ಜಿ ತೆರೆಯ ಮೇಲೆ ಬಂತು.

ತಂದೆಯ ಹೆಸರು ಸರಿ. ತಾಯಿಯ ಹೆಸರು, ತವರಿನ ಹೆಸರು ಎರಡೂ ರಿಜಿಸ್ಟರಿನಲ್ಲಿದ್ದಂತೆಯೇ. 1851ರಲ್ಲಿದ್ದ ಜಾಗ: ಡೊಮಿನಿಕ್ ಸ್ಟ್ರೀಟ್, ಕಾರ್ಕ್. ಆಗ ಮನೆಯ ಯಜಮಾನ ತಂದೆಯಲ್ಲದಿದ್ದರೆ ಯಾರು ಎಂದು ಕೇಳಿದ ಜಾಗದಲ್ಲಿ ತಾಯಿಯ ಹೆಸರು. ಸ್ಲೇಟರ್‌ನ ಕೂಪರುಗಳ ಸಾಲಿನಲ್ಲಿದ್ದ ಅದೇ ಹೆಸರು. ಗುಮಾಸ್ತ ಕೆಳಗೆ ಬರೆದ ಷರಾ ಮಾತ್ರ "ಸಿಕ್ಕಲಿಲ್ಲ" ಎಂದು. ಪಾಪ, ಆ ಮುದುಕನಿಗೆ ಪಿಂಚಣಿ ಬಂತೋ ಇಲ್ಲವೋ. ನಮಗೆ ಮಾತ್ರ ಅವನು ಹೇಳಬೇಕಾದ್ದನ್ನೆಲ್ಲ ಹೇಳಿದ್ದ.

ಆಗ ಮಿಸ್ ಪೆನ್ಸಿಲ್ ತೆಗೆದರು. ನಿಧಾನವಾಗಿ, ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡಕ್ಷರದಲ್ಲಿ, ಆ ತಾಯಿಯ ಹೆಸರನ್ನು ಬರೆದುಕೊಂಡರು. ಅವರ ಮನೆಯಲ್ಲಿ ಸಿಪಾಯಿಯ ಹೆಸರನ್ನು ನೆನೆಯದ ಕ್ರಿಸ್‌ಮಸ್ ಇಲ್ಲವಂತೆ. ಅವನ ತಾಯಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ.

ರಾತ್ರಿ ಮನೆಯಲ್ಲಿ ಗ್ರಿಫಿತ್ ವ್ಯಾಲ್ಯುಯೇಶನ್ ನೋಡಿದೆವು. ರಿಚರ್ಡ್ ಗ್ರಿಫಿತ್ ಮೇಲ್ವಿಚಾರಣೆಯಲ್ಲಿ 1847ರಿಂದ 1864ರವರೆಗೆ ಇಡೀ ದೇಶದ ಮನೆ, ಜಮೀನುಗಳ ಮೇಲೆ ತೆರಿಗೆಗಾಗಿ ನಡೆದ ಮೌಲ್ಯಮಾಪನ ಅದು. ಯಾರು ವಾಸವಿದ್ದಾರೆ, ಯಾರಿಂದ ಬಾಡಿಗೆಗೆ ಪಡೆದಿದ್ದಾರೆ, ಬೆಲೆ ಎಷ್ಟು. ಜನಗಣತಿ ಸುಟ್ಟುಹೋದ ಮೇಲೆ ಇದೇ ದೇಶದ ಬಾಗಿಲ ಲೆಕ್ಕವಾಯಿತು. ಡೊಮಿನಿಕ್ ಸ್ಟ್ರೀಟಿನ ಸಾಲಿನಲ್ಲಿ ಆಕೆ ಇದ್ದಳು: ಮನೆ ಮತ್ತು ಅಂಗಳ. ಮಾಲೀಕ ಬೇರೆಯವನು.

ಬುಧವಾರ, ಡಬ್ಲಿನ್

ಹೆನ್ರಿಯೆಟಾ ಸ್ಟ್ರೀಟಿನ ರಿಜಿಸ್ಟ್ರಿ ಆಫ್ ಡೀಡ್ಸ್‌ನಲ್ಲಿ ಅರ್ಧ ದಿನ ಕಳೆಯಿತು. 1708ರಿಂದ ಇಲ್ಲಿ ಆಸ್ತಿ ಪತ್ರಗಳ ಸಾರಾಂಶ ದಾಖಲಾಗುತ್ತ ಬಂದಿದೆ, ಬೆಂಕಿ ಇತ್ತ ಬರಲಿಲ್ಲ. ಎರಡು ಕೈಯಲ್ಲೂ ಎತ್ತಲು ಕಷ್ಟವಾಗುವ ಸಂಪುಟಗಳು. ಸೂಚಿ ಇರುವುದು ಆಸ್ತಿ ಕೊಟ್ಟವನ ಹೆಸರಿಗೆ ಮತ್ತು ಜಾಗದ ಹೆಸರಿಗೆ. ಪಡೆದವನ ಹೆಸರಿಗೆ ಇಲ್ಲ. ಬಾಡಿಗೆ ಮನೆಯಲ್ಲಿ ಪೀಪಾಯಿ ಕಟ್ಟಿದವರನ್ನು ಹುಡುಕಲು ಇದು ಸರಿಯಾದ ಜಾಗವಲ್ಲ, ಏನೂ ಸಿಗಲಿಲ್ಲ.

ಅದೇ ಬೀದಿಯ 14ನೆಯ ಮನೆ ಈಗ ವಸ್ತುಸಂಗ್ರಹಾಲಯ. ಹದಿನೆಂಟನೆಯ ಶತಮಾನದಲ್ಲಿ ಶ್ರೀಮಂತರ ಒಂದು ಕುಟುಂಬಕ್ಕೆಂದು ಕಟ್ಟಿದ ಮನೆಯಲ್ಲಿ 1911ರ ಜನಗಣತಿಯ ಹೊತ್ತಿಗೆ 100 ಜನ ಇದ್ದರು. ಮೆಟ್ಟಿಲ ಗೋಡೆಗಳಿಗೆ ಬಳಿದ ಕೆಂಪು, ನೀಲಿ ಬಣ್ಣ ಇನ್ನೂ ಇದೆ. ಅಲ್ಲಿದ್ದ ನೂರು ಜನರಲ್ಲಿ ಡೈರೆಕ್ಟರಿಯಲ್ಲಿ ಹೆಸರು ಬಂದವರು ಎಷ್ಟು ಜನ ಇದ್ದಾರು? ಮಿಸ್ ಹೊರಗೆ ಬಂದ ಮೇಲೆ ಕೆಜಿಎಫ್ ಗಣಿ ಕೆಲಸಗಾರರ ಲೈನ್ ಮನೆಗಳ ಬಗ್ಗೆ ಮಾತಾಡಿದರು. ಗಣಿಯ ಸಾಹೇಬರ ಬಂಗಲೆಗಳ ಪಟ್ಟಿ ಎಲ್ಲೋ ಇದ್ದೀತು, ತಟ್ಟಿಯ ಗುಡಿಸಲಲ್ಲಿದ್ದು ಕೆಳಗೆ ಇಳಿದವರ ಪಟ್ಟಿ ಯಾರು ಅಚ್ಚು ಹಾಕಿದರು ಎಂದು ಕೇಳಿದರು.

ಸಂಜೆ ಹ್ಯೂಸ್ಟನ್ ನಿಲ್ದಾಣದಿಂದ ಕಾರ್ಕ್ ರೈಲು. ಎರಡೂವರೆ ಗಂಟೆಯ ಹಸಿರು. ಮಿಸ್ ನಿದ್ದೆ ಮಾಡಿದರು.

ಗುರುವಾರ, ಕಾರ್ಕ್

ಕಾರ್ಕ್ ನಗರ ಲೀ ನದಿಯ ಎರಡು ಕವಲುಗಳ ನಡುವೆ ಕುಳಿತಿದೆ. ಉತ್ತರದ ಕವಲು ದಾಟಿದರೆ ನೆಲ ತಟ್ಟನೆ ಏರುತ್ತದೆ, ಆ ಏರು ಶ್ಯಾಂಡನ್. ಮೇಲೆ ಸೇಂಟ್ ಆನ್ಸ್ ಚರ್ಚಿನ ಗೋಪುರ. ಎರಡು ಬದಿ ಕೆಂಪು ಮರಳುಗಲ್ಲು, ಎರಡು ಬದಿ ಬಿಳಿ ಸುಣ್ಣಕಲ್ಲು, ತುದಿಯಲ್ಲಿ ಗಾಳಿ ತೋರಿಸಲು ಸಾಲ್ಮನ್ ಮೀನು. ನಾಲ್ಕು ಮುಖದ ಗಡಿಯಾರ ನಾಲ್ಕು ಸಮಯ ತೋರಿಸುತ್ತದೆಂದು ಊರಿನವರು ಅದನ್ನು ನಾಲ್ಕು ಮುಖದ ಸುಳ್ಳುಗಾರ ಎನ್ನುತ್ತಾರೆ.

ಪಿಗೊಟ್‌ನ ಮ್ಯಾಲೋ ಲೇನ್ ಇಂದಿನ ನಕ್ಷೆಯಲ್ಲಿಲ್ಲ. ಅದೇ ಈಗಿನ ಶ್ಯಾಂಡನ್ ಸ್ಟ್ರೀಟ್. ಬ್ಲಾರ್ನಿ ಲೇನ್ ಬ್ಲಾರ್ನಿ ಸ್ಟ್ರೀಟ್ ಆಗಿದೆ. ಡಬ್ಲಿನ್ನಿನಲ್ಲೂ ಹೀಗೇ, ಸ್ಯಾಕ್‌ವಿಲ್ ಸ್ಟ್ರೀಟ್ 1924ರಲ್ಲಿ ಓ'ಕಾನೆಲ್ ಸ್ಟ್ರೀಟ್ ಆಯಿತು. ಹಳೆಯ ಡೈರೆಕ್ಟರಿ ಹಿಡಿದು ಹೊರಡುವವರು ಹಳೆಯ ನಕ್ಷೆಯನ್ನೂ ಹಿಡಿದಿರಬೇಕು. ಇಲ್ಲವಾದರೆ ಮನೆಯ ಮುಂದೆಯೇ ನಿಂತು ಮನೆ ಎಲ್ಲಿ ಎಂದು ಕೇಳುವಂತಾಗುತ್ತದೆ.

ಇಷ್ಟೊಂದು ಕೂಪರುಗಳು ಇಲ್ಲೇ ಏಕೆ ಎಂಬುದಕ್ಕೆ ಉತ್ತರ ಗುಡ್ಡದ ಮೇಲೆ ಕಾಲಿಟ್ಟ ಕೂಡಲೇ ಸಿಗುತ್ತದೆ. ಬೆಣ್ಣೆ. 1770ರಿಂದ ಇಲ್ಲಿ ಬೆಣ್ಣೆ ಮಾರುಕಟ್ಟೆ ಇತ್ತು, ಹತ್ತೊಂಬತ್ತನೆಯ ಶತಮಾನದಲ್ಲಿ ಜಗತ್ತಿನಲ್ಲೇ ದೊಡ್ಡದು. ಕೆರ್ರಿ, ಕಾರ್ಕ್ ಸೀಮೆಯ ಹಳ್ಳಿಗಳಿಂದ ರೈತರು ಉಪ್ಪು ಬೆರೆಸಿದ ಬೆಣ್ಣೆಯನ್ನು ಫರ್ಕಿನ್ ಎಂಬ ಪುಟ್ಟ ಪೀಪಾಯಿಗಳಲ್ಲಿ ತುಂಬಿ ತರುತ್ತಿದ್ದರು. ಒಂದರಲ್ಲಿ 56 ಪೌಂಡು, ಸುಮಾರು 25 ಕಿಲೋ. ಅವರ ಗಾಡಿಗಳು ಬಂದ ದಾರಿಗಳಿಗೆ ಇಂದಿಗೂ ಬೆಣ್ಣೆ ರಸ್ತೆಗಳೆಂದೇ ಹೆಸರು. ಪರೀಕ್ಷಕರು ಪೀಪಾಯಿಯೊಳಗೆ ಸಲಾಕೆ ತೂರಿಸಿ, ಬೆಣ್ಣೆಯ ಎಳೆ ಹೊರತೆಗೆದು, ಮೂಸಿ, ರುಚಿ ನೋಡಿ ಒಂದರಿಂದ ಆರರವರೆಗೆ ದರ್ಜೆ ಕೊಡುತ್ತಿದ್ದರು. ಆಮೇಲೆ ಹಡಗು, ಕೆರಿಬಿಯನ್ ದ್ವೀಪಗಳವರೆಗೆ. ಅಷ್ಟು ದೂರ, ಅಷ್ಟು ಬಿಸಿಲಿಗೆ ಬೆಣ್ಣೆ ಕೆಡದೆ ಹೋಗಬೇಕಾದರೆ ಪೀಪಾಯಿ ಒಂದು ಹನಿಯೂ ಸೋರಬಾರದು. ಬೆಣ್ಣೆಯ ಹೆಸರಿನಲ್ಲಿ ನಡೆದ ಈ ವ್ಯಾಪಾರವೆಲ್ಲ ಕೂಪರಿನ ಕೈಯ ಮೇಲೆ ನಿಂತಿತ್ತು.

ಬಟರ್ ಮ್ಯೂಸಿಯಂನಲ್ಲಿ ಅವರ ಹತಾರಗಳಿವೆ. ಮಿಸ್ ಅತ್ಯಂತ ಹೆಚ್ಚು ಹೊತ್ತು ನಿಂತದ್ದು ಅಲ್ಲೇ. ಮರದ ಪಟ್ಟಿಗಳನ್ನು ಮಧ್ಯದಲ್ಲಿ ಅಗಲ, ತುದಿಗಳಲ್ಲಿ ಕಿರಿದಾಗುವಂತೆ ಕೆತ್ತುತ್ತಾರೆ. ಬಳೆಯೊಳಗೆ ನಿಲ್ಲಿಸಿ, ಬಿಸಿ ತಾಗಿಸಿ ಬಗ್ಗಿಸಿ, ಮೇಲಿಂದ ಬಳೆ ಹೊಡೆದು ಬಿಗಿ ಮಾಡುತ್ತಾರೆ. ಮೊಳೆಯಿಲ್ಲ, ಅಂಟಿಲ್ಲ. ಒಂದೊಂದು ಪಟ್ಟಿಯ ಅಂಚಿನ ಓರೆಯನ್ನೂ ಕಣ್ಣಳತೆಯಲ್ಲೇ ತೆಗೆಯಬೇಕು. ಹುಡುಗ ಹಲವು ವರ್ಷ ಶಿಷ್ಯನಾಗಿದ್ದರೇ ಈ ಕೆಲಸ ಕೈಗೆ ಹತ್ತುತ್ತಿದ್ದುದು.

"ಇಷ್ಟು ಕಲಿತವನು ಯಾಕೆ ಬಿಟ್ಟು ಸಿಪಾಯಿ ಆದ?" ಎಂದು ಮಿಸ್ ಕೇಳಿದರು. ಉತ್ತರ ಕೊಡುವ ಕಾಗದ ನಮ್ಮ ಕೈಯಲ್ಲಿಲ್ಲ. ಬಂದರು ನಗರ, ಕಂಪನಿಯ ಭರ್ತಿಗಾರರು, ಹತ್ತೊಂಬತ್ತರ ವಯಸ್ಸು. ಅದಕ್ಕಿಂತ ಹೆಚ್ಚು ನಾನು ಹೇಳಿದರೆ ಕತೆಯಾಗುತ್ತದೆ.

ಎದುರಿಗೇ ಫರ್ಕಿನ್ ಕ್ರೇನ್ ಎಂಬ ದುಂಡನೆಯ ಕಟ್ಟಡ. ಜಾನ್ ಬೆನ್ಸನ್ ವಿನ್ಯಾಸ ಮಾಡಿ 1855ರಲ್ಲಿ ಕಟ್ಟಿದ್ದು. ಖಾಲಿ ಪೀಪಾಯಿಗಳನ್ನು ತೊಳೆದು ತೂಗುತ್ತಿದ್ದ ಜಾಗ. ಖಾಲಿಯ ತೂಕ ಸರಿಯಾಗಿ ಗೊತ್ತಿದ್ದರೆ ತಾನೇ ಬೆಣ್ಣೆಯ ತೂಕ ಸರಿಯಾಗುವುದು? ಇವತ್ತು ಅದು ನೃತ್ಯಕೇಂದ್ರ. ಒಳಗಿನಿಂದ ಪಿಯಾನೋ ಕೇಳುತ್ತಿತ್ತು. 1856ರ ಡೈರೆಕ್ಟರಿಯಲ್ಲಿ ಹೆಸರಿದ್ದ ಆ ಹೆಂಗಸು ತನ್ನ ಶೆಡ್ಡಿನ ಪೀಪಾಯಿಗಳನ್ನು ಇಲ್ಲಿಗೆ ತೂಕಕ್ಕೆ ಕಳಿಸಿರಬೇಕು ಎಂದು ನನ್ನ ಬಾಯಿಗೆ ಬಂತು. ಮಿಸ್ ನನ್ನ ಮುಖ ನೋಡಿದರು. ಸುಮ್ಮನಾದೆ.

ಡೊಮಿನಿಕ್ ಸ್ಟ್ರೀಟ್ ಅಲ್ಲಿಂದ ಎರಡು ಹೆಜ್ಜೆ. ಕಿರಿದಾದ, ಇಳಿಜಾರಿನ ಬೀದಿ. ಯಾವ ಮನೆ ಎಂದು ಹೇಳಲು ಬರುವುದಿಲ್ಲ. 1856ರ ಸಾಲಿನಲ್ಲಿ ಬೀದಿ ಇದೆ, ಮನೆಯ ಸಂಖ್ಯೆ ಇಲ್ಲ. ಗ್ರಿಫಿತ್ ಸಂಖ್ಯೆಗಳು ಇಂದಿನ ಬಾಗಿಲ ಸಂಖ್ಯೆಗಳಿಗೆ ಹೊಂದುವುದಿಲ್ಲ. ಮಿಸ್‌ಗೆ ಬೇಸರವಾಗಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು, ಮತ್ತೆ ಈ ತುದಿಗೆ ಬಂದರು. "ಇಷ್ಟರಲ್ಲೇ ಎಲ್ಲೋ," ಎಂದರು.

ಶುಕ್ರವಾರ, ಕಾರ್ಕ್

ಮಳೆ. ಸೇಂಟ್ ಜೋಸೆಫ್ಸ್ ಸ್ಮಶಾನಕ್ಕೆ ಹೋದೆವು. ಊರಿನ ಹಳೆಯ ಸಸ್ಯೋದ್ಯಾನದ ಜಾಗದಲ್ಲಿ 1830ರಲ್ಲಿ ಫಾದರ್ ಥಿಯೋಬಾಲ್ಡ್ ಮ್ಯಾಥ್ಯೂ ಇದನ್ನು ಮಾಡಿಸಿದರು. ಕುಡಿತ ಬಿಡಿಸುವ ಚಳವಳಿಯಿಂದ ದೇಶವೆಲ್ಲ ಹೆಸರಾದ ಪಾದ್ರಿ ಅವರೇ. ಅವರ ಸಮಾಧಿಯೂ ಇಲ್ಲಿದೆ. ಆಲೂಗಡ್ಡೆ ಕೊಳೆತು ಕ್ಷಾಮ ಬಿದ್ದ ವರ್ಷಗಳಲ್ಲಿ ಹಳ್ಳಿಗಳಿಂದ ಹಸಿದವರು ಕಾರ್ಕ್‌ಗೆ ಹರಿದು ಬಂದರು, ಜೊತೆಗೆ ಜ್ವರವೂ ಬಂತು. 1847ರಲ್ಲಿ ಈ ನೆಲ ಹೆಣ ಹಿಡಿಸಲಾರದಷ್ಟು ತುಂಬಿತು. ಆ ಕ್ಷಾಮದ ವರ್ಷಗಳಲ್ಲಿ ದೇಶದಲ್ಲಿ ಸತ್ತವರು ಸುಮಾರು 10 ಲಕ್ಷ.

ನಮ್ಮ ಕೂಪರ್ 1846ರ ಡೈರೆಕ್ಟರಿಯಲ್ಲಿದ್ದಾನೆ, 1851ರಲ್ಲಿ ಅವನ ಹೆಂಡತಿಯೇ ಮನೆಯ ಯಜಮಾನಿ. ನಡುವಿನ ಆ ವರ್ಷಗಳು ಇವೇ. ಮರಣ ನೋಂದಣಿ 1864ಕ್ಕೆ ಮುಂಚೆ ಇರಲಿಲ್ಲ. ಅವನ ಕಲ್ಲೂ ಇಲ್ಲಿ ಕಾಣಲಿಲ್ಲ. ಕಲ್ಲು ಹಾಕಿಸುವಷ್ಟು ಹಣ ಪೀಪಾಯಿಯವರಿಗೆ ಎಲ್ಲಿಂದ? ಮಿಸ್ ಕೊಡೆ ಮಡಚಿ, ಮಳೆಯಲ್ಲೇ, ಆ ವರ್ಷದಲ್ಲಿ ಹುಗಿದವರೆಲ್ಲರಿಗಾಗಿ ಒಂದು ಜಪಮಣಿ ಪೂರ್ತಿ ಮುಗಿಸಿದರು.

ಶನಿವಾರ, ಕಾರ್ಕ್

ಗ್ರ್ಯಾಂಡ್ ಪರೇಡ್‌ನ ನಗರ ಗ್ರಂಥಾಲಯದಲ್ಲಿ ಊರಿನದೇ ಡೈರೆಕ್ಟರಿಗಳಿವೆ. ಫ್ರಾನ್ಸಿಸ್ ಗೈ ಎಂಬ ಮುದ್ರಕ 1875ರಿಂದ ತಂದವು. ಇವನ್ನು ಒಂದಾದ ಮೇಲೊಂದು ತಿರುವಿದರೆ ಒಂದು ಕಸುಬು ಕರಗುವುದು ಕಣ್ಣಿಗೆ ಕಾಣುತ್ತದೆ. ಡೆನ್ಮಾರ್ಕಿನ ಬೆಣ್ಣೆ, ಬೆಣ್ಣೆಗೆ ಬದಲಾದ ಮಾರ್ಗರೀನ್ ಬಂದವು. ಕಾರ್ಕ್‌ನ ಉಪ್ಪು ಬೆಣ್ಣೆಗೆ ಬೇಡಿಕೆ ಇಳಿಯಿತು. 1924ರಲ್ಲಿ ಮಾರುಕಟ್ಟೆ ಮುಚ್ಚಿತು. ಕೂಪರುಗಳ ಸಾಲು ಕುಗ್ಗುತ್ತ ಹೋಗುತ್ತದೆ. ಮಿಸ್ ಮನೆತನದವರು ಮಾಲೀಕರ ಪಟ್ಟಿಯಲ್ಲಿ ಮತ್ತೆ ಬರುವುದಿಲ್ಲ. ಆದರೆ 1911ರ ಜನಗಣತಿಯಲ್ಲಿ, ಶ್ಯಾಂಡನ್‌ನ ಒಂದು ಓಣಿಯಲ್ಲಿ, ಪಿಂಚಣಿ ಕೇಳಿದ ಆ ತಮ್ಮನ ಮಗ ಇದ್ದಾನೆ, ಕಸುಬಿನ ಮುಂದೆ ಕೂಪರ್ ಎಂದೇ ಇದೆ. ತಂದೆಯ ಹೆಸರನ್ನು ಅವನ ಮದುವೆಯ ನೋಂದಣಿಯಿಂದ ಖಚಿತಪಡಿಸಿಕೊಂಡೆವು. ವರನ ತಂದೆಯ ಕಸುಬನ್ನೂ ಬರೆಸುವ ಪದ್ಧತಿ ಇದ್ದದ್ದು ನಮ್ಮ ಪುಣ್ಯ.

ಕೊನೆಗೆ ತಾಯಿಯ ಮರಣ ಹುಡುಕಿದೆವು. ಸರ್ಕಾರಿ ನೋಂದಣಿಯ ಹಳೆಯ ಪುಟಗಳ ಚಿತ್ರಗಳು ಪುಕ್ಕಟೆಯಾಗಿ ಸಿಗುತ್ತವೆ. 1872ರಲ್ಲಿ, ಕಾರ್ಕ್‌ನಲ್ಲಿ, ವಯಸ್ಸು, ಹೆಸರು, ಬೀದಿ ಎಲ್ಲ ಹೊಂದುವ ಒಂದು ನಮೂದು. ಮರಣ ತಿಳಿಸಿದವನು ಮಗ, ಅದೇ ಕಿರಿಯವನು. ದರ್ಜೆ ಅಥವಾ ಕಸುಬಿನ ಕಾಲಂನಲ್ಲಿ ಗುಮಾಸ್ತ ಬರೆದದ್ದು: ಕೂಪರನ ವಿಧವೆ.

ಮಿಸ್ ಅದನ್ನು ಎರಡು ಸಲ ಓದಿದರು. ಕ್ಲಾಸಿನಲ್ಲಿ ಯಾರಾದರೂ ಸುಳ್ಳು ಹೇಳಿದರೆ ಅವರ ಮುಖ ಹೇಗಾಗುತ್ತಿತ್ತೋ ಹಾಗಾಯಿತು.

"ಗಂಡ ಸತ್ತ ಮೇಲೆ ಇವಳು ಎಷ್ಟು ವರ್ಷ ಕೆಲಸ ನಡೆಸಿದ್ಲಮ್ಮ?"

1851ಕ್ಕೆ ಮುಂಚಿನಿಂದ 1856ರವರೆಗಾದರೂ ಮಿಸ್. ಅದಾದ ಮೇಲಿನದಕ್ಕೆ ಕಾಗದ ಇಲ್ಲ.

"ಕ್ಷಾಮ ಮುಗಿದ ಊರಲ್ಲಿ, ಚಿಕ್ಕ ಮಗು ಇಟ್ಕೊಂಡು, ಕೂಪರುಗಳನ್ನ ಕೂಲಿಗಿಟ್ಟು ಶೆಡ್ ನಡೆಸಿದೋಳು. ಡೈರೆಕ್ಟರಿಯೋನು ಅವಳನ್ನ ಕೂಪರ್ ಅಂತ ಅಚ್ಚು ಹಾಕ್ದ. ಈ ಗುಮಾಸ್ತ ಕೂಪರನ ವಿಧವೆ ಅಂತಾನೆ. ನಾನು ಯಾವ್ದನ್ನ ಬರ್ಕೊಳ್ಲಿ?"

ಎರಡನ್ನೂ ಬರೆದುಕೊಳ್ಳಿ ಎಂದೆ. ದಾಖಲೆ ಹೇಗಿದೆಯೋ ಹಾಗೆ ಬರೆಯುವುದೇ ನಿಯಮ. ಮಿಸ್ ಒಪ್ಪಿದರು, ಎರಡನ್ನೂ ಬರೆದರು. ಆದರೆ ಬೆಂಗಳೂರಿನಲ್ಲಿರುವ ಮೊಮ್ಮಗಳಿಗೆ ಕೊಡಲೆಂದು ಮಾಡುತ್ತಿದ್ದ ವಂಶವೃಕ್ಷದ ದೊಡ್ಡ ಹಾಳೆಯಲ್ಲಿ, ಸಿಪಾಯಿಯ ಹೆಸರಿನ ಮೇಲೆ ತಾಯಿಗಾಗಿ ಖಾಲಿ ಬಿಟ್ಟಿದ್ದ ಚೌಕದಲ್ಲಿ, ಹೆಸರು ಬರೆದು, ಅದರ ಕೆಳಗೆ ಬರೆದದ್ದು: ಕೂಪರ್, ಡೊಮಿನಿಕ್ ಸ್ಟ್ರೀಟ್, 1856. ಮರಣದ ನಮೂದಿಗೆ ಹಾಳೆಯ ಹಿಂಬದಿಯಲ್ಲಿ ಜಾಗ ಕೊಟ್ಟರು. ಆಮೇಲೆ ಆಕೆಯ ತವರಿನ ಹೆಸರಿಗೆ ಗೆರೆ ಎಳೆದು, ಆ ಹೆಸರಿನವರು ಯಾವ ಹಳ್ಳಿಗಳಲ್ಲಿ ಹೆಚ್ಚಿದ್ದರೆಂದು ಗ್ರಿಫಿತ್‌ನಲ್ಲಿ ನೋಡಬಹುದೇ ಎಂದು ಕೇಳಿದರು. ಗ್ರಂಥಾಲಯ ಮುಚ್ಚಲು ಇನ್ನೂ ಒಂದು ಗಂಟೆ ಇತ್ತು. ಹೊಸ ಹಾಳೆ ತೆಗೆದೆವು.